ಕಾಕಾನ ಕಂಪ್ಯೂಟರಿಗೆ ಕಟ್ಟಿದ ಬುತ್ತಿ

ಇದರಲ್ಲಿ ಬರುವ ಓಡಾಟಗಳ ಕ್ರಮ ನನಗೆ ಖಾತ್ರಿಯಿಲ್ಲ. ಮುಧೋಳಕ್ಕೆ ಹೋದದ್ದು ಗಲಗಲಿಯ ಗೊಂದಲಕ್ಕಿಂತ ಮೊದಲೇ ಇರಬೇಕು, ಇಲ್ಲದಿದ್ದರೆ ಆ ಗೊಂದಲ ಆಗುತ್ತಲೇ ಇರಲಿಲ್ಲ. ಆದರೆ ಹಿಟ್ಟಿನ ಡಬ್ಬಿಯೊಳಗೆ ಫೋನು ರಿಂಗಾದದ್ದು ಮೊದಲ ಭಾನುವಾರವೋ ನಂತರದ್ದೋ ಹೇಳಲಾರೆ. ಆ ದಿನಗಳ ಡೈರಿಯಲ್ಲಿ "ಬಿಸಿಲು. ಬನಹಟ್ಟಿ. ಆಗಲಿಲ್ಲ" ಎಂದಷ್ಟೇ ಬರೆದುಕೊಂಡಿದ್ದೇನೆ. ಮುಂದಿನ ವಾರವೂ ಅದೇ, ಬಿಸಿಲು ಮಾತ್ರ ಇಲ್ಲ. ಉಳಿದದ್ದನ್ನು ನೆನಪಿನಿಂದ ತುಂಬುತ್ತಿದ್ದೇನೆ. ನನ್ನ ನೆನಪಿಗೆ ಒಂದು ಚಟವಿದೆ. ಜನ ಆಡಿದ ಮಾತನ್ನು ಅದು ಅವರು ಆಡಿದ್ದಕ್ಕಿಂತ ತುಸು ಚೆನ್ನಾಗಿ ಆಡಿಸುತ್ತದೆ. ಓದುವವರು ಅಷ್ಟನ್ನು ಕಳೆದೇ ಓದಬೇಕು.

ಜಮಖಂಡಿಯ ಒಂದು ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಪಾಠ ಹೇಳುತ್ತೇನೆ. ನಮ್ಮದು ಬನಹಟ್ಟಿಯ ನೇಕಾರರ ಮನೆ. ಅಪ್ಪ ನೌಕರಿ ಹಿಡಿದು ಹೊರಬಿದ್ದ. ಅಪ್ಪನ ತಮ್ಮ, ಅಂದರೆ ನನ್ನ ಕಾಕಾ, ಮಗ್ಗ ಹಿಡಿದು ಅಲ್ಲೇ ಉಳಿದ. ಕಾಕಾನಿಗೆ ಒಬ್ಬಳೇ ಮಗಳು, ನನಗೆ ತಂಗಿ. ಅವಳನ್ನು ಕೃಷ್ಣೆಯ ದಂಡೆಯ ಗಲಗಲಿಗೆ ಕೊಟ್ಟಿದ್ದಾರೆ. ಅವಳ ಮದುವೆಗೆಂದು ಕಾಕಾ ತಾನೇ ಒಂದು ಸೀರೆಯ ಅಂಚು ಬರೆದಿದ್ದ. ಮದುವೆಯ ದಿನ ನೋಡಿದರೆ ಅದೇ ಅಂಚಿನ ಸೀರೆ ಬೀಗರ ಕಡೆಯ ಹೆಂಗಸರ ಮೈಮೇಲಿತ್ತು, ನಮ್ಮ ಓಣಿಯವರ ಮೈಮೇಲಿತ್ತು, ಹೋಳಿಗೆ ಬೇಯಿಸಲು ಬಂದವಳ ಮೈಮೇಲೂ ಇತ್ತು. ಮದುಮಗಳು ಯಾರೆಂದು ಬಾಸಿಂಗ ನೋಡಿ ಗುರುತಿಸಬೇಕಾಯಿತು. ತಂಗಿ ನಕ್ಕಳು. ಕಾಕಾ ಊಟ ಮಾಡಲಿಲ್ಲ.

ಅಂಚು ಹೇಗೆ ಹೊರಹೋಯಿತು ಎಂಬುದಕ್ಕೆ ಕಾಕಾನ ಉತ್ತರ ಒಂದೇ: ಇಂಟರ್ನೆಟ್ಟಿನ ವೈರಿನೊಳಗಿಂದ. ಮೊದಲು ನೇಯ್ದ ಸೀರೆಯನ್ನು ಅವನೇ ರಸ್ತೆಗೆ ಕಾಣುವಂತೆ ಬಾಗಿಲಲ್ಲಿ ಇಳಿಬಿಟ್ಟು, ಹೋಗಿಬರುವ ನೇಕಾರರನ್ನೆಲ್ಲ ಕರೆದು ಚಹಾ ಕುಡಿಸಿ ತೋರಿಸಿದ್ದ. ಅದನ್ನು ಯಾರೂ ಅವನಿಗೆ ನೆನಪಿಸುವುದಿಲ್ಲ. ಮದುವೆಯ ಮರುದಿನ ನೂಲು ಕತ್ತರಿಸುವ ಕತ್ತರಿಯಿಂದ ಆ ವೈರನ್ನು ಕತ್ತರಿಸಿದ. ಅದರ ತುಂಡು ಇಂದಿಗೂ ಕಿಟಕಿಯಲ್ಲಿ ನೇತಾಡುತ್ತದೆ.

ಆಮೇಲೆ ತಂಗಿ ಬಸುರಿಯಾದಳು. ನಮ್ಮ ಕಡೆ ಬಸುರಿಗೆ ಕುಬಸ ಮಾಡುತ್ತಾರೆ. ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬಬೇಕು. ಕಾಕಾ ಹೊಸ ಅಂಚು ಬರೆದ. ನನ್ನನ್ನು ಕರೆಸಿ ಹೇಳಿದ ಮಾತು ಮಾತ್ರ ನನಗೆ ಸರಿಯಾಗಿ ನೆನಪಿದೆ.

"ಈ ಅಂಚು ಮದಲ ಆಕೀ ಮೈಮ್ಯಾಲೆ ಬರಬೇಕವಾ. ಆಮ್ಯಾಲೆ ಬೇಕಾದ್ರ ಊರಿಗೂರಽ ಉಟ್ಕೊಳ್ಳಿ."

ಹೀಗೆ ಅಂದವನ ಕಂಪ್ಯೂಟರು ಆಗಲೇ ಕೆಟ್ಟು ಕುಳಿತಿತ್ತು. ಕಾಕಾ ಪರದೆಯ ಮೇಲೆ ಚೌಕುಳಿ ಚೌಕುಳಿಯಾಗಿ ಬಣ್ಣ ತುಂಬಿ ಅಂಚು ಬರೆಯುತ್ತಾನೆ. ಆ ಕಡತವನ್ನು ಮಗ್ಗದ ತಲೆಯ ಮೇಲಿರುವ ಜಕಾರ್ಡ್ ಪೆಟ್ಟಿಗೆಗೆ ಓದಿಸಿದರೆ, ಯಾವ ಎಳೆ ಏಳಬೇಕು, ಯಾವುದು ಕೂಡ್ರಬೇಕು ಎಂದು ಆ ಪೆಟ್ಟಿಗೆ ನೋಡಿಕೊಳ್ಳುತ್ತದೆ. ಇವೆರಡರ ನಡುವೆ ಒಂದು ಸಣ್ಣ ತಂತ್ರಾಂಶ ಬೇಕು. ಅಂಚು ಬರೆದು ಮುಗಿದ ವಾರವೇ ಹಾರ್ಡ್ ಡಿಸ್ಕ್ ಸತ್ತಿತು. ಕಡತದ ಒಂದು ನಕಲು ಕಾಕಾನ ಪೆನ್ ಡ್ರೈವಿನಲ್ಲಿ, ದೇವರ ಜಗಲಿಯ ಮೇಲೆ ಹಳದಿ ಬಟ್ಟೆಯಲ್ಲಿ ಭದ್ರವಾಗಿತ್ತು. ಹೊಸ ಡಿಸ್ಕಿಗೆ ಅಂಗಡಿಯವನು ಒಂದು ಡಿವಿಡಿಯಿಂದ ಲಿನಕ್ಸ್ ತುಂಬಿಸಿ, ತಂತ್ರಾಂಶವನ್ನು ಮರೆತು, ಇಚಲಕರಂಜಿಗೆ ಹೋಗಿ ನೆಲೆಸಿಬಿಟ್ಟ. ಹಸಿರು ಹಾಸು, ಅಂದರೆ ಸೀರೆಯ ಉದ್ದೆಳೆಗಳು, ಮಗ್ಗದ ಮೇಲೆ ಬಿಗಿದು ಕಾಯುತ್ತಿತ್ತು, ಅಂಚು ಜಗಲಿಯ ಮೇಲೆ ಕಾಯುತ್ತಿತ್ತು, ಕಾಕಾ ನಡುವೆ ನಿಂತಿದ್ದ.

ನೆಟ್ ಇದ್ದರೆ ಇದು ಒಂದು ಸಾಲಿನ ಕೆಲಸ. ಆ ಸಾಲು ಬರೆದು ಗುಂಡಿ ಒತ್ತಿದರೆ ಯಂತ್ರವೇ ತನಗೆ ಬೇಕಾದ್ದನ್ನೆಲ್ಲ ತರಿಸಿಕೊಳ್ಳುತ್ತದೆ. ನೆಟ್ ಇಲ್ಲದಿದ್ದರೆ ಬೇರೆಡೆ ಇಳಿಸಿಕೊಂಡು ಪೆನ್ ಡ್ರೈವಿನಲ್ಲಿ ಹೊತ್ತು ತರಬೇಕು. ತಂದ ಮೇಲೆ ಅದು "ನಾನು ಬರಬೇಕಾದರೆ ಇನ್ನೂ ಇಂಥವರು ಬೇಕು" ಎನ್ನುತ್ತದೆ. ಅವರನ್ನು ತಂದರೆ ಅವರಿಗೂ ತಮ್ಮವರು ಬೇಕು. ಇದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೇನೆ. ಪಾಠ ಮಾಡುವಾಗ ಬಸ್ಸು ಹತ್ತಬೇಕಾಗಿರಲಿಲ್ಲ.

ಮೊದಲ ಸಲ ನಾನು ಒಂದೇ ಪ್ಯಾಕೇಜು, ಅಂದರೆ ಆ ತಂತ್ರಾಂಶದ ಗಂಟೊಂದನ್ನೇ, ಇಳಿಸಿಕೊಂಡು ಬನಹಟ್ಟಿಗೆ ಹೋದೆ. ಬಾಗಿಲಲ್ಲೇ ಕಾಕಾ ಕೈಚಾಚಿ ಫೋನು ಇಸಿದುಕೊಂಡು, ಅದನ್ನು ಕಾಕಿಯ ಜೋಳದ ಹಿಟ್ಟಿನ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದ.

"ಸ್ಟೀಲಿನ ಡಬ್ಬ್ಯಾಗ ಸಿಗ್ನಲ್ ಹೊಕ್ಕಂಗಿಲ್ಲ" ಎಂದ.

ನಾನು ಕುರ್ಚಿಯ ಮೇಲೆ ಕೂಡುವುದಕ್ಕೂ ಡಬ್ಬಿಯೊಳಗಿಂದ ಫೋನು ರಿಂಗಾಗುವುದಕ್ಕೂ ಸರಿಹೋಯಿತು. ಕಾಕಿ ಕಾಕಾನ ಮುಖ ನೋಡಿದಳು.

"ಅದು ಬರೂ ಫೋನು" ಎಂದ ಕಾಕಾ. "ಬರಾಕ ಬರತೈತಿ. ಹೋಗಾಕ ಆಗಂಗಿಲ್ಲ."

ಯಂತ್ರ ನನ್ನ ಪ್ಯಾಕೇಜನ್ನು ಒಪ್ಪಲಿಲ್ಲ. ಇಲ್ಲದವರ ಹೆಸರುಗಳನ್ನು ಪರದೆಯ ತುಂಬ ಸಾಲಾಗಿ ಹೇಳಿತು. ಎಲ್ಲ ಹೆಸರೂ "ಲಿಬ್" ಎಂದೇ ಶುರುವಾಗುತ್ತವೆ. ಕಾಕಿ ಹಿಂದೆ ನಿಂತು ನಾನು ಓದುವುದನ್ನು ಕೇಳಿಸಿಕೊಂಡಳು.

"ಎಲ್ಲಾರ್ದೂ ಒಂದಽ ಅಡ್ಡಹೆಸರೇನ?"

"ಹೂಂ ಕಾಕಿ. ಒಂದಽ ಮನೆತನ."

"ಹಂಗಾರ ಒಬ್ಬರ್ನ ಬಿಟ್ಟು ಒಬ್ಬರ್ನ ಕರದ್ರ ಮುನಿಸ್ಕೋತಾರ ಬಿಡು."

ಹೆಸರುಗಳನ್ನು ಬರೆದುಕೊಳ್ಳಲು ಕಾಗದ ಕೇಳಿದೆ. ಕಾಕಾ ಕೊಡಲಿಲ್ಲ. ಕಂಪ್ಯೂಟರ್ ಬರುವ ಮೊದಲು ಅಂಚುಗಳು ಕಾಗದದ ಮೇಲೇ ಕಳುವಾಗುತ್ತಿದ್ದವಂತೆ, ಆ ಕೋಣೆಯಿಂದ ಕಾಗದ ಹೊರಗೆ ಹೋಗುವ ಹಾಗಿಲ್ಲ. ಪೆನ್ ಡ್ರೈವಿನಲ್ಲೇ ಉಳಿಸಿಕೊಳ್ಳುತ್ತೇನೆ ಎಂದೆ. ಅದೂ ಆಗಲಿಲ್ಲ. ಅವನ ಕಂಪ್ಯೂಟರಿನ ಮೈ ಮುಟ್ಟಿದ ಪೆನ್ ಡ್ರೈವ್ ಹೊರಗೆ ಹೋಗಬೇಕಾದರೆ ಫಾರ್ಮ್ಯಾಟ್ ಆಗಿಯೇ ಹೋಗಬೇಕು. ಫಾರ್ಮ್ಯಾಟ್ ಮಾಡುವುದನ್ನು ಅವನು ಎಲ್ಲೋ ಕಲಿತಿದ್ದ, ಬಹಳ ಚೆನ್ನಾಗಿ ಕಲಿತಿದ್ದ. ನನ್ನ ಕಣ್ಣೆದುರೇ ಅದನ್ನು ಬರಿದು ಮಾಡಿ ಕೈಗಿಟ್ಟ.

ಅದನ್ನು ಕಾಕಿ ನನ್ನ ಕೈಯಿಂದ ಕಸಿದುಕೊಂಡಳು.

"ಮನಿ ಮಗಳಿಗೆ ಖಾಲಿ ಕೊಟ್ಟು ಕಳಸ್ತಾರೇನ್ರಿ? ಊರ ಮಂದಿ ಏನಂದಾರು?"

ನಮ್ಮ ಮನೆಗಳಲ್ಲಿ ಯಾರಾದರೂ ಏನಾದರೂ ತುಂಬಿ ಕಳಿಸಿದ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಒಂದು ಹಿಡಿ ಸಕ್ಕರೆಯನ್ನೋ ಒಂದು ತುಂಡು ಬೆಲ್ಲವನ್ನೋ ಹಾಕಿಯೇ ಕೊಡುತ್ತಾರೆ. ಪೆನ್ ಡ್ರೈವ್ ಡಬ್ಬಿಯಲ್ಲ ಎಂದು ಕಾಕಿಗೆ ಹೇಳಲು ನನ್ನಲ್ಲಿ ಸರಿಯಾದ ಕಾರಣವಿರಲಿಲ್ಲ. ಅವಳು ಅಡುಗೆಮನೆಗೆ ಹೋಗಿ, ತನ್ನ ಫೋನಿಗೆ ಸಣ್ಣ ಕೊಂಡಿಯೊಂದನ್ನು ಸಿಕ್ಕಿಸಿ, ಭಜನಾ ಮಂಡಳದ ಹೆಂಗಸರ ಹಾಡು, ಮೆಂತ್ಯದ ಹಿಟ್ಟು ಮಾಡುವ ವಿಡಿಯೊ, ಕಳೆದ ದೀಪಾವಳಿಯ ಫೋಟೋಗಳನ್ನು ತುಂಬಿ ಕೊಟ್ಟಳು. ಕಾಕಾನ ನಿಯಮದಂತೆ ಪೆನ್ ಡ್ರೈವ್ ಖಾಲಿಯಾಯಿತು, ಕಾಕಿಯ ನಿಯಮದಂತೆ ತುಂಬಿತು. ನನಗೆ ಬೇಕಾದದ್ದು ಎರಡರ ನಡುವೆ ಹೋಯಿತು.

ಫೋನಿನ ಚಾರ್ಜು ಹಿಟ್ಟಿನ ಡಬ್ಬಿಯೊಳಗೇ ಮುಗಿದಿತ್ತು. ಉಳಿದದ್ದು ನನ್ನ ತಲೆ. ಅದರ ಮೇಲೆ ನನಗೆ ಎಷ್ಟು ನಂಬಿಕೆಯಿದೆ ಎಂಬುದನ್ನು ಮೊದಲೇ ಹೇಳಿದ್ದೇನೆ. ಜಮಖಂಡಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹೆಸರುಗಳನ್ನೂ ಅವುಗಳ ಬಾಲದ ಅಂಕಿಗಳನ್ನೂ ತುಟಿ ಅಲುಗಿಸುತ್ತ ಹೇಳಿಕೊಳ್ಳತೊಡಗಿದೆ. ಪಕ್ಕದಲ್ಲಿ ಮಡಿಲಲ್ಲಿ ಬದನೆಕಾಯಿ ಗಂಟು ಇಟ್ಟುಕೊಂಡ ಮುದುಕಿಯೊಬ್ಬಳಿದ್ದಳು. ಸ್ವಲ್ಪ ಹೊತ್ತು ನೋಡಿದಳು.

"ಯಾವ ದೇವರ ಜಪ ಬೇ ಇದು?"

"ಲಿನಕ್ಸಂದ್ರಿ" ಎಂದೆ, ಎಣಿಕೆ ತಪ್ಪಬಾರದೆಂಬ ಅವಸರದಲ್ಲಿ.

"ಗುಡಿ ಎಲ್ಲೈತಿ?"

"ಗುಡಿ ಇಲ್ರಿ."

"ಗುಡಿ ಇಲ್ಲದ ದೇವರಽ ಛಲೋ ಬಿಡು. ಪಂಚರ ಜಗಳ ಇರಂಗಿಲ್ಲ."

ಅವಳು ಇದನ್ನು ಹೀಗೆಯೇ ಅಂದಳೋ, ನಾನು ಮನೆಗೆ ಬಂದು ತಿದ್ದಿದೆನೋ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ನಾನು ನಕ್ಕೆ, ಕೊನೆಯ ಎರಡು ಹೆಸರುಗಳ ಅಂಕಿಗಳು ಅದಲುಬದಲಾದವು. ಮುಂದಿನ ಭಾನುವಾರ ನಾನು ತಂದದ್ದರಲ್ಲಿ ಅರ್ಧ ಬೇರೆ ಜಾತಿಯ ಯಂತ್ರದವು. ಉಳಿದರ್ಧ ಒಳಗೆ ಸೇರಿ ಮತ್ತಷ್ಟು ಹೆಸರು ಹೇಳಿದವು. ಫಾರ್ಮ್ಯಾಟ್, ಭಜನೆ, ಬಸ್ಸು. ಆ ಮುಂದಿನ ವಾರ ಶೇಂಗಾ ಹೋಳಿಗೆಯ ವಿಡಿಯೊ.

ಪ್ರತಿ ಸಲವೂ ಕಾಕಾ ನನ್ನ ಹಿಂದೆ ಸ್ಟೂಲು ಹಾಕಿಕೊಂಡು ಕೂಡುತ್ತಿದ್ದ. ಏನೂ ಕೇಳುತ್ತಿರಲಿಲ್ಲ. ನಾನು ಎದ್ದಾಗ ಮಾತ್ರ, "ಕುಬಸ ಹತ್ರ ಬಂತವಾ" ಎನ್ನುತ್ತಿದ್ದ. ಪಕ್ಕದ ಅಂಕಣದಲ್ಲಿ ಬೇರೆ ಮಗ್ಗಗಳು ಬಡಿಯುತ್ತಿದ್ದವು, ಹಸಿರು ಹಾಸಿನ ಮಗ್ಗ ಸುಮ್ಮನಿತ್ತು. ಅಂಚಿಲ್ಲದೆ ನೇಯ್ದುಬಿಡಿ ಎಂದು ಓಣಿಯವರು ಹೇಳಿದ್ದರಂತೆ. ಅಂಗಡಿಯಲ್ಲಿ ಛಲೋ ಛಲೋ ಹಸಿರು ಸೀರೆಗಳಿದ್ದವು. ಕಾಕಾ ಕೇಳಿಸಿಕೊಂಡಿರಲಿಲ್ಲ.

ಆಗ ನನಗೆ ಮುಧೋಳ ಹೊಳೆಯಿತು. ಅಲ್ಲಿ ನನ್ನ ಸೋದರತ್ತೆ, ಅಪ್ಪನ ಅಕ್ಕ ಇದ್ದಾಳೆ. ಮಾವ ಸಮೀರವಾಡಿಗೆ ದಿನಾ ನೌಕರಿಗೆ ಹೋಗಿಬರುತ್ತಾನೆ. ಇಚಲಕರಂಜಿಗೆ ಹೋದ ಅದೇ ಅಂಗಡಿಯವನು ಅವರ ಕಂಪ್ಯೂಟರಿಗೂ ಅದೇ ಡಿವಿಡಿಯಿಂದ ಅದೇ ಲಿನಕ್ಸ್ ಹಾಕಿಕೊಟ್ಟಿದ್ದ. ಒಂದೇ ತಾಯಿಯ ಮಕ್ಕಳಂಥ ಎರಡು ಯಂತ್ರಗಳು. ಮುಧೋಳದ್ದಕ್ಕೆ ನೆಟ್ ಇತ್ತು. ಅದಕ್ಕೆ ಏನೇನು ಬೇಕೋ ಎಲ್ಲವನ್ನೂ ಬೇರಿನವರೆಗೆ ಇಳಿಸಿಕೊಂಡು ಒಯ್ದರೆ ಬನಹಟ್ಟಿಯದಕ್ಕೂ ಸಾಕು. ಯಾರ ಹೆಸರನ್ನೂ ಬಾಯಿಪಾಠ ಮಾಡಬೇಕಿಲ್ಲ. ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ನನ್ನನ್ನು ಕೇಳಬೇಡಿ, ನಾನೇ ಕೇಳಿಕೊಂಡಿದ್ದೇನೆ.

ಅತ್ತೆಯ ಮನೆಯಲ್ಲಿ ತಿಮ್ಮಾಪುರದಿಂದ ತಂದ ಉದ್ದಕಾಲಿನ ನಾಯಿಯೊಂದಿದೆ. ಕಂಪ್ಯೂಟರಿನ ಡಬ್ಬ ಬೆಚ್ಚಗಿರುತ್ತದೆಂದು ಅದು ಮೇಜಿನ ಕೆಳಗೇ ಮಲಗುತ್ತದೆ. ಅದನ್ನು ಎಬ್ಬಿಸಬಾರದು ಎಂಬುದು ಆ ಮನೆಯ ನಿಯಮ. ಹಾಗಾಗಿ ನಾನು ಕುರ್ಚಿಯ ಮೇಲೆ ಪದ್ಮಾಸನ ಹಾಕಿಕೊಂಡು ಎಲ್ಲವನ್ನೂ ಇಳಿಸಿದೆ. ಕಾಲು ಜೋಮು ಹಿಡಿಯಿತು, ಪೆನ್ ಡ್ರೈವ್ ತುಂಬಿತು. ನಂತರ, ಉಂಡ ತಟ್ಟೆ ತೊಳೆದಿಟ್ಟ ಹಾಗೆ, ಅತ್ತೆಯ ಕಂಪ್ಯೂಟರಿನಿಂದ ಅದನ್ನೆಲ್ಲ ಅಳಿಸಿಹಾಕಿದೆ. ಅದು ಸಭ್ಯತೆ ಎಂದು ಆಗ ಅನಿಸಿತ್ತು.

ಮರುದಿನ ಅತ್ತೆ ತಂಗಿಗೆ ಬಯಕೆ ಬುತ್ತಿ ಒಯ್ಯುವವಳಿದ್ದಳು. ಬಸುರಿಯ ಬಾಯಿ ಬೇಡಿದ್ದನ್ನೆಲ್ಲ ಮಾಡಿ ಕಟ್ಟಿಕೊಂಡು ಬಂಧುಗಳು ಅವಳ ಗಂಡನ ಮನೆಗೆ ಹೋಗುವುದು ಪದ್ಧತಿ. ಗಲಗಲಿಯಲ್ಲಿ ಒಂದೆರಡು ದಿನ ಇದ್ದು, ಅಲ್ಲಿಂದ ಬನಹಟ್ಟಿಗೆ ಬರುವುದು ಅವಳ ಲೆಕ್ಕ. ನನಗೆ ಪರೀಕ್ಷೆಯ ಕೆಲಸವಿತ್ತು. "ಕೊಡಿಲ್ಲೆ, ನಾ ಒಯ್ದು ಮುಟ್ಟಸ್ತೇನಿ" ಎಂದು ಅತ್ತೆ ಪೆನ್ ಡ್ರೈವನ್ನು ಬುತ್ತಿಯ ಗಂಟಿನಲ್ಲಿ, ಕರ್ಚಿಕಾಯಿ ಡಬ್ಬಿಯ ಪಕ್ಕದಲ್ಲಿ ಇಟ್ಟುಕೊಂಡಳು.

ಆ ಭಾನುವಾರ ಬನಹಟ್ಟಿಯಲ್ಲಿ ಅತ್ತೆ ಗಂಟು ಬಿಚ್ಚಿದಾಗ ನಾನು ಅಲ್ಲೇ ಇದ್ದೆ. ಮೇಲೆ ಬೀಗರು ಕೊಟ್ಟ ರವಿಕೆಯ ಕಣ, ಅದರ ಕೆಳಗೆ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ. ಅಕ್ಕಿಯ ನಡುವೆ ಪೆನ್ ಡ್ರೈವ್. ಅದಕ್ಕೆ ಅರಿಷಿಣ ಕುಂಕುಮ ಹಚ್ಚಿದ್ದರು.

ಅದರ ಸಿಕ್ಕಿಸುವ ಮೂತಿಯೊಳಗೆಲ್ಲ ಕುಂಕುಮ ಸೇರಿತ್ತು. ಕಾಕಿ ಸೆರಗಿನ ಪಿನ್ನಿನಿಂದ ಅದನ್ನು ಕೆದಕಿ ತೆಗೆದಳು. ಸಿಕ್ಕಿಸಿ ನೋಡಿದರೆ ಹೊಳೆಯ ನೀರು ಏರಿದ ವಿಡಿಯೊಗಳು, ಹೊಸ ಎಮ್ಮೆಯ ಫೋಟೋಗಳು, ಬೀಗರ ಮನೆಯ ಸತ್ಯನಾರಾಯಣ ಪೂಜೆ ಆರಂಭದಿಂದ ಮಂಗಳಾರತಿಯವರೆಗೆ. ನನ್ನ ಪ್ಯಾಕೇಜುಗಳಲ್ಲಿ ಬಿಡಿಬಿಡಿಯಾಗಿ ಕೆಲವು ಸಣ್ಣವು ಮಾತ್ರ ಉಳಿದಿದ್ದವು.

ಕಾಕಾ ಅಂಗಳಕ್ಕೆ ಹೋಗಿ ಗಲಗಲಿಗೆ ಫೋನು ಹಚ್ಚಿದ. ಬೀಗನ ದನಿ ನಮಗೆಲ್ಲ ಕೇಳುವಷ್ಟು ದೊಡ್ಡದಿತ್ತು.

"ಅದರಾಗ ಏನೇನೋ ಇದ್ದವ್ರಿ. ಒಂದೂ ತೆರೀಲಿಲ್ಲ. ಕೆಟ್ಟಾವು ಅಂತ ತಿಳದು ದೊಡ್ಡೂ ಎಲ್ಲಾ ತಗದು ಜಾಗಾ ಮಾಡೇವ್ರಿ. ಸಣ್ಣೂ ಇರಲಿ ಅಂತ ಬಿಟ್ಟೇವಿ. ಹೆಣ್ಣು ಕೊಟ್ಟ ಮನೀದು, ಹಂಗಽ ಹೊಳ್ಳಿ ಕಳಸಾಕ ಬರತೈತೇನ್ರಿ?"

ಕಾಕಾ ಕಣ್ಣು ಮುಚ್ಚಿದ. ಮಗಳು ಆ ಮನೆಯಲ್ಲಿದ್ದಾಳೆ.

"ಬರಂಗಿಲ್ರಿ ಬೀಗ್ರ" ಎಂದ. "ಛಲೋ ಮಾಡೀರಿ. ಎಮ್ಮಿ ಭಾಳ ಛಲೋ ಐತಿ."

ಉಳಿದ ಸಣ್ಣವನ್ನು ಒಳಗೆ ಸೇರಿಸಿದೆ. ಸಾಲಲಿಲ್ಲ. ಯಂತ್ರ ಹೆಸರು ಹೇಳಿ ಹೇಳಿ, ಕೊನೆಗೆ ತಾನೇ ಒಂದು ಸಾಲು ಸೂಚಿಸಿತು: ಇದನ್ನು ಬರೆದರೆ ಉಳಿದದ್ದನ್ನು ನಾನೇ ತಂದುಕೊಳ್ಳುತ್ತೇನೆ. ನೆಟ್ ಇಲ್ಲ ಎಂದು ಗೊತ್ತಿದ್ದೂ ನಾನು ಆ ಸಾಲನ್ನು ಬರೆದು ಒತ್ತಿದೆ, ಸಿಟ್ಟಿಗೋ ಏನೋ. ಆಗಲಿಲ್ಲ.

"ಫೋನಿಂದ ಒಂದು ಚೂರು ನೆಟ್ ಕೊಟ್ಟು ಇದಽ ಸಾಲು ಇನ್ನೊಮ್ಮೆ ಒತ್ತಿದ್ರ ಮುಗೀತ್ರಿ ಕಾಕಾ" ಎಂದೆ. "ಚಹಾ ಕುದಿಯೂದ್ರಾಗ ಆಗತೈತಿ."

"ಅಷ್ಟರಾಗಽ ಅಂಚು ಹೋಗತೈತಿ" ಎಂದ ಕಾಕಾ.

"ಅಂಚು ಜಗಲಿ ಮ್ಯಾಲೈತ್ರಿ" ಎಂದಳು ಕಾಕಿ. "ಕಂಪ್ಯೂಟರಿನ್ಯಾಗ ಎಲ್ಲೈತಿ ಹೋಗಾಕ?"

ಕಾಕಾ ಜಗಲಿಯ ಕಡೆ ನೋಡಿದ. ಅಷ್ಟು ವಾರಗಳಲ್ಲಿ ನನಗೇಕೆ ಅದು ತೋಚಲಿಲ್ಲ ಎಂದು ಬೆವರಿದೆ. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ, "ಲೇ ತಮ್ಮಾ, ಅಂಚು ಬೇಕೋ ಹಟ ಬೇಕೋ ನೋಡ್ಕೋ. ಕೂಸು ನಿನ್ನ ದಾರಿ ಕಾಯಂಗಿಲ್ಲ" ಎಂದಳು. ಕಾಕಾ ಎದ್ದು ಮಗ್ಗದ ಹತ್ತಿರ ಹೋದ. ಹಸಿರು ಹಾಸಿನ ಮೇಲೆ ಅಂಗೈ ಆಡಿಸಿದ. ನೂಲಿನ ಮೇಲೆ ಧೂಳು ಕೂತಿತ್ತು.

"ಮದವ್ಯಾಗ ಎಲ್ಲಾರ ಮೈಮ್ಯಾಲೂ ಇತ್ತು" ಎಂದ, ನಮ್ಮ ಕಡೆ ತಿರುಗದೆ. "ಆಕಿ ನಕ್ಕಳು. ನಗಬಾರದಿತ್ತು."

ಕಾಕಾ ಮರೆಯದೆ ನನ್ನ ಪೆನ್ ಡ್ರೈವನ್ನು ಫಾರ್ಮ್ಯಾಟ್ ಮಾಡಿದ. ಕಾಕಿ ಮರೆಯದೆ ತುಂಬಿದಳು.

ಗುರುವಾರ ರಜೆ ಹಾಕಿ ಮತ್ತೆ ಮುಧೋಳಕ್ಕೆ ಹೋದೆ. ಮತ್ತೆ ಪದ್ಮಾಸನ, ಮತ್ತೆ ಎಲ್ಲವೂ ಬೇರಿನವರೆಗೆ. ಈ ಸಲ ಪೆನ್ ಡ್ರೈವನ್ನು ಯಾವ ಗಂಟಿಗೂ ಕೊಡದೆ ಮುಷ್ಟಿಯಲ್ಲಿ ಹಿಡಿದುಕೊಂಡು ಸಂಜೆಯ ಬಸ್ಸಿಗೆ ಬನಹಟ್ಟಿಗೆ ಬಂದೆ. ಓಣಿಯ ತಿರುವಿನಲ್ಲೇ ಕೇಳಿಸಿತು, ಇಷ್ಟು ದಿನ ಸುಮ್ಮನಿದ್ದ ಮಗ್ಗ ಬಡಿಯುತ್ತಿತ್ತು. ದನಿಯಿಂದ ಮಗ್ಗವನ್ನು ಗುರುತಿಸುವಷ್ಟು ನೇಕಾರರ ಮಗಳು ನಾನಲ್ಲ, ಆದ್ದರಿಂದ ಇದು ಆಮೇಲೆ ಸೇರಿಸಿಕೊಂಡದ್ದೂ ಇರಬಹುದು. ಆದರೆ ಒಳಗೆ ಹೋದಾಗ ಹಸಿರಿನ ಬದಿಗೆ ಹೊಸ ಅಂಚು ಗೇಣು ಗೇಣಾಗಿ ಏರುತ್ತಿದ್ದದ್ದು ಖರೆ. ಜೋಳದ ತೆನೆಯ ನಡುವೆ ಸಣ್ಣ ಹಕ್ಕಿ, ಕೊಕ್ಕಿನಲ್ಲಿ ಕಾಳು. ನಾನು ಅದನ್ನು ಅಲ್ಲಿಯವರೆಗೆ ನೋಡಿರಲೇ ಇಲ್ಲ.

"ಹೆಂಗಾತ್ರಿ ಕಾಕಾ?"

"ನೀ ಹಾಕಿದ್ದಽ ಅಲ್ಲೇನು. ತಡಾ ಮಾಡಿ ಎಚ್ಚರಾತು" ಎಂದ ಕಾಕಾ. ಕಣ್ಣು ಮಗ್ಗದ ಮೇಲೆಯೇ ಇತ್ತು.

"ಬೀಗರು ಬಿಟ್ಟ ಸಣ್ಣೂವಽ ಸಾಕಾದ್ವು" ಎಂದಳು ಕಾಕಿ. ಅವಳು ಚಹಾ ಸೋಸುತ್ತಿದ್ದಳು, ಸೋಸಿದ್ದನ್ನೇ ಮತ್ತೊಮ್ಮೆ ಸೋಸಿದಳು.

ಪ್ಯಾಕೇಜುಗಳು ತಡವಾಗಿ ಎಚ್ಚರಗೊಳ್ಳುವುದಿಲ್ಲ. ನಾನು ಕಂಪ್ಯೂಟರಿನ ಕೋಣೆಗೆ ಹೋದೆ. ತಂತ್ರಾಂಶ ತೆರೆದಿತ್ತು. ಪರದೆಯ ಮೂಲೆಯಲ್ಲಿ ಒಂದು ಸಣ್ಣ ಸೂಚನೆ ಕೂತಿತ್ತು: ನಿಮ್ಮ ಯಂತ್ರಕ್ಕೆ ಹೊಸ ಸುಧಾರಣೆಗಳು ಬಂದಿವೆ, ಈಗ ಹಾಕಿಕೊಳ್ಳುವಿರಾ? ಹೊರಗಿನ ಲೋಕವನ್ನು ಕಾಣದ ಯಂತ್ರಕ್ಕೆ ಹೊಸದು ಬಂದಿದೆಯೆಂದು ಗೊತ್ತಾಗುವುದು ಹೇಗೆ? ಮುಧೋಳದಿಂದ ಕಳಿಸಿದ ಸಣ್ಣ ಕಡತಗಳ ಜೊತೆ ಅಂಥ ಸುಧಾರಣೆಗಳ ಪಟ್ಟಿಯೂ ಬಂದಿರಲು ಸಾಧ್ಯವಿದೆ. ನಾನು ಅದನ್ನೂ ಹಾಕಿದ್ದೆನೇ? ಹಾಕಿರಬಹುದು. ನಾಯಿ, ಜೋಮು ಹಿಡಿದ ಕಾಲು ನೆನಪಿವೆ, ಪಟ್ಟಿ ನೆನಪಿಲ್ಲ. ಯಂತ್ರದೊಳಗೆ ಎಲ್ಲವೂ ದಾಖಲಾಗಿರುತ್ತದೆ. ತೆರೆದು ನೋಡಿದರೆ ಗಂಟೆ ನಿಮಿಷದ ಸಮೇತ ತಿಳಿಯುತ್ತಿತ್ತು. ತೆರೆಯಲಿಲ್ಲ. ಅದು ಮಾಡಿದವರು ಹೇಳಬೇಕಾದ ಮಾತು ಅನಿಸಿತು. ಹೀಗೆ ಅನಿಸಿದ್ದು ಆಗಲೋ ಈಗಲೋ, ಅದನ್ನೂ ಆಣೆ ಮಾಡಿ ಹೇಳಲಾರೆ.

ಕುಬಸ ಬನಹಟ್ಟಿಯ ಮನೆಯಲ್ಲೇ ಆಯಿತು. ತಂಗಿ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಾಗ ಹೆಂಗಸರ ಸಾಲಿನಲ್ಲಿ ಒಂದು ಗುಜುಗುಜು ಎದ್ದಿತು. ಅಂಥ ಅಂಚು ಅಲ್ಲಿ ಇನ್ನೊಬ್ಬರ ಮೈಮೇಲೆ ಇರಲಿಲ್ಲ. ತಂಗಿ ತನ್ನ ಸೆರಗನ್ನೇ ಕೈಗೆತ್ತಿಕೊಂಡು ಹಕ್ಕಿಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ನಗಲಿಲ್ಲ. ಕಾಕಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

ಆಮೇಲೆ ಫೋನುಗಳು ಹೊರಬಂದವು. ಗಲಗಲಿಯ ಬೀಗನದು, ಅತ್ತೆಯದು, ಓಣಿಯ ನೇಕಾರರದು, ಅವರ ಹೆಂಡಂದಿರದು. ಯಾರ ಫೋನೂ ಹಿಟ್ಟಿನ ಡಬ್ಬಿಗೆ ಹೋಗಿರಲಿಲ್ಲ. "ಅಂಚು ಸರಿ ಕಾಣವಲ್ದು" ಎಂದು ಯಾರೋ ಅಂದರು. ಕಾಕಾ ತಾನೇ ಮುಂದೆ ಬಂದು, ಮಗಳ ಸೆರಗನ್ನು ಎರಡೂ ಕೈಯಲ್ಲಿ ಬಿಡಿಸಿ ಬೆಳಕಿಗೆ ಎತ್ತಿ ಹಿಡಿದ. "ಹತ್ರ ಬಂದು ತಗೀರಿ, ಹಕ್ಕಿ ಕೊಕ್ಕು ಬರಲಿ" ಎಂದ. ಆ ಮನೆಯಲ್ಲಿ ಕೂತವರು ಊಟಕ್ಕೆ ಏಳುವ ಮೊದಲೇ ಆ ಅಂಚು ಎಷ್ಟು ಊರು ತಲುಪಿತೋ ದೇವರೇ ಬಲ್ಲ. ನಾನು ಅವನ ಪಕ್ಕಕ್ಕೆ ಹೋಗಿ ನಿಂತೆ. ಅವನು ಸೆರಗು ಹಿಡಿದ ಕೈ ಇಳಿಸಲಿಲ್ಲ.

ತಂಗಿಯ ಕೂಸಿಗೆ ಈಗ ಹಲ್ಲು ಮೂಡಿವೆ. ನನಗೆ ಉತ್ತರ ಬಂದಿಲ್ಲ. ಅವತ್ತು ನಾನು ಮೆಲ್ಲಗೆ ಕೇಳಿದ್ದು ಇಷ್ಟೇ:

"ಕಾಕಾ, ಖರೆ ಹೇಳ್ರಿ, ಕಂಪ್ಯೂಟರಿಗೆ ನೆಟ್ ಹಚ್ಚಿದವರು ನೀವೋ, ಕಾಕಿಯೋ?"